ಹೊಟ್ಟೆಯಲ್ಲಿ ಬಲೂನು ಇದ್ದಾಗ ವ್ಯಾಯಾಮ: ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು?

"ನಡದಾಡಿದ್ರ ಒಳಗ ಒಡಿಯಂಗಿಲ್ಲೇನ್ ಅದು?" ನಾನು ಗ್ಯಾಸ್ಟ್ರಿಕ್ ಬಲೂನು ಹಾಕಿಸಿಕೊಂಡಿದ್ದೇನೆ ಎಂದು ಗೊತ್ತಾದ ಮೇಲೆ ನವಲಗುಂದದ ನಮ್ಮ ಓಣಿಯಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ಎರಡನೇ ಪ್ರಶ್ನೆ ಇದಕ್ಕೆ ಪೂರ್ತಿ ಉಲ್ಟಾ: "ಬಲೂನೇ ತೂಕ ಇಳಸ್ತದಂದ್ರ ವ್ಯಾಯಾಮ ಯಾಕ ಬೇಕು?"

ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಸಕ್ಕರೆ ಕಾಯಿಲೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ದುಡಿಯುವ ನನ್ನ ಸಕ್ಕರೆಯೂ ಗಡಿಗೆ ಬಂದು ನಿಂತಿತ್ತು. ಕೂಡಿಟ್ಟ ದುಡ್ಡು ಚಿಕಿತ್ಸೆಗೆ ಹೋಗಿದೆ. ಬಲೂನು ಇರೋದು ಆರೇ ತಿಂಗಳು. ಹಾಗಾಗಿ ಈ ಎರಡೂ ಪ್ರಶ್ನೆಗಳಿಗೆ ಸರಿಯಾದ ಉತ್ತರ ನನಗೆ ಬೇಕೇ ಇತ್ತು.

ಬಲೂನು ಮಾಡೋದೇನು?

ಇದು ಸಿಲಿಕೋನ್‌ನ ಮೆತ್ತನೆಯ ಚೀಲ. ಎಂಡೋಸ್ಕೋಪಿ ಮೂಲಕ ಬಾಯಿಯಿಂದಲೇ ಜಠರಕ್ಕೆ ಇಳಿಸಿ, ಸಾಮಾನ್ಯವಾಗಿ 400ರಿಂದ 700 ಮಿ.ಲೀ. ಸಲೈನ್ ತುಂಬುತ್ತಾರೆ. ಕೊಯ್ಯುವುದಿಲ್ಲ, ಹೊಲಿಗೆ ಹಾಕುವುದಿಲ್ಲ. ಒಳಗೆ ಜಾಗ ಕಡಿಮೆಯಾಗುವುದರಿಂದ ಅರ್ಧ ರೊಟ್ಟಿಗೇ ಸಾಕು ಅನಿಸುತ್ತದೆ. 12 ತಿಂಗಳು ಇಡುವ ಬಲೂನುಗಳೂ ಇವೆ. ನುಂಗುವ ಕ್ಯಾಪ್ಸೂಲ್ ಮಾದರಿಯದು ಸುಮಾರು ನಾಲ್ಕು ತಿಂಗಳಿಗೆ ತಾನೇ ಖಾಲಿಯಾಗಿ ಹೊರಹೋಗುತ್ತದೆ.

ಊಟ ಕಡಿಮೆಯಾದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದನ್ನು ಉಳಿಸಿಕೊಳ್ಳದಿದ್ದರೆ, ಬಲೂನು ತೆಗೆದ ಮೇಲೆ ತೂಕ ಮತ್ತೆ ಏರೋದು ಸುಲಭ. ವ್ಯಾಯಾಮ ಬೇಕಿರುವುದು ಇದಕ್ಕೇ. ಇನ್ನು ನಡಿಗೆಯಿಂದ ಬಲೂನು ಒಡೆಯುವುದಿಲ್ಲ. ಹುಷಾರಾಗಿರಬೇಕಾದ ಸಂಗತಿಗಳು ಬೇರೆ.

ಮೆಟ್ಟಿಲು ಮೆಟ್ಟಿಲಾಗಿ

ಮೊದಲ ಕೆಲವು ದಿನ ವಾಕರಿಕೆ, ವಾಂತಿ, ಹೊಟ್ಟೆ ಹಿಂಡಿದಂತಾಗುವುದು ಸಾಮಾನ್ಯ. ಆಗ ದ್ರವಾಹಾರ ಮಾತ್ರ. ನನ್ನ ವೈದ್ಯರು ಹಾಕಿಕೊಟ್ಟ ಕ್ರಮ ಹೀಗಿತ್ತು:

- ಮೊದಲ ವಾರ: ಮನೆಯೊಳಗೆ, ಅಂಗಳದಲ್ಲಿ ಹತ್ತು ನಿಮಿಷದ ನಿಧಾನ ನಡಿಗೆ.
- ಎರಡನೇ ವಾರ: 15–20 ನಿಮಿಷ, ಸಮತಟ್ಟಾದ ದಾರಿಯಲ್ಲಿ.
- ಮೂರನೇ ವಾರದಿಂದ: ವಾಂತಿ ಇಲ್ಲದಿದ್ದರೆ ಅರ್ಧ ಗಂಟೆಯ ಬಿರುಸು ನಡಿಗೆ.
- ಎರಡನೇ ತಿಂಗಳಿಂದ: ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ರಬ್ಬರ್ ಬ್ಯಾಂಡ್ ಎಳೆಯುವುದು.

ವಾರಕ್ಕೆ 150 ನಿಮಿಷದ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿಗೆ ತಲುಪಲು ಅವಸರ ಬೇಡ. ನಿಮ್ಮ ವೈದ್ಯರ ಲೆಕ್ಕ ಬೇರೆ ಇದ್ದರೆ ಅದನ್ನೇ ಪಾಲಿಸಿ. ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡೋಸ್ ಬಗ್ಗೆ ಮೊದಲೇ ಕೇಳಿಕೊಳ್ಳಿ. ಕಡಿಮೆ ಊಟ, ಜೊತೆಗೆ ವ್ಯಾಯಾಮ ಅಂದರೆ ಸಕ್ಕರೆ ತೀರಾ ಇಳಿಯಬಹುದು.

ನೀರು ಗಟಗಟ ಕುಡಿಯೋ ಹಾಗಿಲ್ಲ

ನಮ್ಮ ಎರಿ ಭೂಮಿಯಲ್ಲಿ ಬೇಸಿಗೆಗೆ ನೆರಳೇ ಇಲ್ಲ. ನಾನು ಬೆಳಕು ಹರಿಯುವ ಹೊತ್ತಿಗೇ ಮಲಪ್ರಭಾ ಕಾಲುವೆ ದಂಡೆ ಹಿಡಿದು ನಡೆದು, ಬಿಸಿಲೇರುವ ಮುಂಚೆ ಮನೆ ಸೇರುತ್ತೇನೆ. ಒಮ್ಮೆಲೇ ತಂಬಿಗೆ ನೀರು ಎತ್ತಿದರೆ ಬಲೂನಿರುವ ಹೊಟ್ಟೆ ತಡೆಯುವುದಿಲ್ಲ, ವಾಂತಿಯಾಗುತ್ತದೆ. ಬಾಟಲಿ ಜೊತೆಗಿಟ್ಟುಕೊಂಡು ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ತಿಳಿ ಮಜ್ಜಿಗೆಯೂ ನಡೆಯುತ್ತದೆ. ಮೂತ್ರ ಕಡು ಹಳದಿಯಾದರೆ, ಎದ್ದು ನಿಂತಾಗ ತಲೆ ತಿರುಗಿದರೆ ಆ ದಿನ ವ್ಯಾಯಾಮಕ್ಕೆ ರಜೆ. ಉಪವಾಸ, ಅದರಲ್ಲೂ ನೀರೂ ಮುಟ್ಟದ ಉಪವಾಸ ಈ ಆರು ತಿಂಗಳು ಬೇಡ.

ಹೊಲ, ಗರಡಿ, ಯೋಗ

"ಹೊಲದಾಗ ಕಸ ತಗದ್ರ ಅದ ವ್ಯಾಯಾಮ ಅಲ್ಲೇನ ಯವ್ವಾ?" ಅಂತಾಳೆ ಚಿಗವ್ವ. ದುಡಿಮೆ ಹೌದು ಚಿಗವ್ವ, ಆದರೆ ತಾಸುಗಟ್ಟಲೆ ಬಗ್ಗಿದರೆ ಹೊಟ್ಟೆ ಒತ್ತಿ ಹುಳಿ ನೀರು ಗಂಟಲಿಗೆ ಬರುತ್ತದೆ. ಕಲಘಟಗಿ ಕಡೆ ಭತ್ತ ನಾಟಿ ಮಾಡುವವರಿಗೂ ಇದೇ ಮಾತು. ಉಂಡ ತಕ್ಷಣವಂತೂ ಬಗ್ಗಬಾರದು.

ಕಡಲೆ ಚೀಲ ಎತ್ತುವುದು, ಗರಡಿಯ ದಂಡ-ಬೈಠಕ್, ಕುಸ್ತಿ, ಕಬಡ್ಡಿ ಬಲೂನು ಇರುವಷ್ಟು ದಿನ ಬದಿಗಿರಲಿ. ಯೋಗದಲ್ಲಿ ತಲೆಕೆಳಗಾಗುವ ಶೀರ್ಷಾಸನ, ಸರ್ವಾಂಗಾಸನ, ಹೊಟ್ಟೆ ಒತ್ತುವ ಧನುರಾಸನ, ಮಯೂರಾಸನ ಮತ್ತು ಕಪಾಲಭಾತಿ ಬಿಡಿ. ತಾಡಾಸನ, ವೃಕ್ಷಾಸನ, ನಿಧಾನ ಉಸಿರಾಟ ಸಾಕು.

ಮೈ ನೋವಿಗೆ ಗುಳಿಗೆ? ತಡೀರಿ

ಹೊಸದಾಗಿ ವ್ಯಾಯಾಮ ಶುರು ಮಾಡಿದರೆ ಕಾಲು ಹಿಡಿಯುವುದು ಸಹಜ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಸಿಗುತ್ತದೆ. ಬಲೂನು ಮೊದಲೇ ಜಠರದ ಒಳಪದರಕ್ಕೆ ತಾಗಿಕೊಂಡಿರುತ್ತದೆ. ಈ ಗುಳಿಗೆಗಳೂ ಸೇರಿದರೆ ಹುಣ್ಣು, ರಕ್ತಸ್ರಾವದ ಅಪಾಯ ಹೆಚ್ಚು. ವೈದ್ಯರನ್ನು ಕೇಳದೆ ನುಂಗಬೇಡಿ. ಆಸಿಡ್ ತಗ್ಗಿಸಲು ಕೊಟ್ಟ ಮಾತ್ರೆಯನ್ನು ಒಂದು ದಿನವೂ ಬಿಡಬೇಡಿ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

- ಮೂತ್ರ ನೀಲಿ ಅಥವಾ ಹಸಿರಾದರೆ. ಹಲವು ಬಲೂನುಗಳ ಸಲೈನ್‌ಗೆ ನೀಲಿ ಬಣ್ಣ ಸೇರಿಸಿರುತ್ತಾರೆ. ಬಣ್ಣ ಕಂಡರೆ ಬಲೂನು ಸೋರುತ್ತಿದೆ ಎಂದರ್ಥ. ಖಾಲಿಯಾದ ಬಲೂನು ಕರುಳಿಗೆ ಜಾರಿ ಸಿಕ್ಕಿಕೊಳ್ಳಬಹುದು.
- ಮೊದಲ ವಾರದ ನಂತರವೂ ವಾಂತಿ ನಿಲ್ಲದಿದ್ದರೆ, ನೀರೂ ನಿಲ್ಲದಿದ್ದರೆ.
- ಹೊಟ್ಟೆನೋವು ಜೋರಾಗಿದ್ದರೆ, ಬೆನ್ನಿಗೆ ಹಬ್ಬಿದರೆ, ಹೊಟ್ಟೆ ಉಬ್ಬಿದರೆ.
- ವಾಂತಿಯಲ್ಲಿ ರಕ್ತ, ಕಪ್ಪು ಮಲ ಕಂಡರೆ.

ಅಣ್ಣಿಗೇರಿ, ಕುಂದಗೋಳದ ಹಳ್ಳಿಗಳಲ್ಲಿರುವವರು ಎಂಡೋಸ್ಕೋಪಿಗೆ ಹುಬ್ಬಳ್ಳಿಗೋ ಧಾರವಾಡಕ್ಕೋ ಬರಬೇಕು. ರಾತ್ರಿ ಹೊತ್ತಲ್ಲಿ ಯಾರ ಗಾಡಿ, ಯಾವ ನಂಬರಿಗೆ ಫೋನು ಅನ್ನೋದನ್ನು ಮೊದಲೇ ನಿರ್ಧರಿಸಿಡಿ. ಬಲೂನಿನ ವಿವರ ಇರುವ ಚೀಟಿಯ ಫೋಟೋ ಮನೆಯವರ ಮೊಬೈಲಿನಲ್ಲಿರಲಿ.

ನಾನೀಗ ನಾಲ್ಕನೇ ತಿಂಗಳಲ್ಲಿದ್ದೇನೆ. 94 ಕೆ.ಜಿ. ಇದ್ದ ತೂಕ 83ಕ್ಕೆ ಬಂದಿದೆ. ಇನ್ನೆರಡು ತಿಂಗಳಿಗೆ ಬಲೂನು ತೆಗೆಯುತ್ತಾರೆ, ಹಸಿವು ವಾಪಸ್ ಬರುತ್ತದೆ. ಆಗ ಉಳಿಯುವುದು ಈಗ ಕಲಿತ ಊಟ, ನಡಿಗೆ ಎರಡೇ. ಅದಕ್ಕೇ ವಾರಕ್ಕೆ ಎಷ್ಟು ಕೆ.ಜಿ. ಇಳಿಯಿತು ಅನ್ನೋದಕ್ಕಿಂತ ಎಷ್ಟು ದಿನ ನಡೆದೆ ಅನ್ನೋದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೇನೆ. ನೀವೂ ಹಾಕಿಕೊಳ್ಳಿ.