ಟರ್ಮಿನಲ್ಲೂ ಒತ್ತಕ್ಷರವೂ
ಯೆರವಡಾದಲ್ಲಿ ಕುಳಿತು ಲಿನಕ್ಸ್ ಗಣಕದ ಟರ್ಮಿನಲ್ಲಿನಲ್ಲಿ ಕನ್ನಡ ಪದಪಟ್ಟಿಯೊಂದನ್ನು ವಿಂಗಡಿಸುವಾಗ ಒತ್ತಕ್ಷರಗಳು ಚೆದರಿದುದನ್ನು ಕಂಡೆನು. ಇದರ ಕಾರಣ ಹಳೆಯದು. ಟರ್ಮಿನಲ್ ಎಮ್ಯುಲೇಟರ್ ಎಂಬ ತಂತ್ರಾಂಶವು 1978ರ ವಿಟಿ100ರಂತಹ ಯಂತ್ರದ ಅನುಕರಣ. 80 ಅಂಕಣ, 24 ಸಾಲುಗಳ ಸಮಾನ ಮನೆಗಳಲ್ಲಿ ಮನೆಗೊಂದು ಅಕ್ಷರವಿಡುವುದು ಅದರ ಕ್ರಮ. ರೋಮನ್ ಲಿಪಿಗೆ ಇದು ಸಲ್ಲುತ್ತದೆ. ನಮ್ಮ 'ಸ್ತ್ರೀ' ಎಂಬ ಒಂದಕ್ಷರವಾದರೋ ಆರು ಸಂಕೇತಗಳ ಕೂಟ!

ಸಕಲ ಲಿಪಿಗಳ ನಿಯಮಗಳನ್ನೂ ಮೂಲ ತಂತ್ರಾಂಶದೊಳಗೇ ತುರುಕುವುದು ಜಾಣತನವಲ್ಲ. ಎಮ್‌ಎಲ್‌ಟರ್ಮ್ ಎಂಬ ಬಹುಭಾಷಾ ಟರ್ಮಿನಲ್ಲಿನಲ್ಲಿ ಲಿಪಿಜೋಡಣೆಯ ಘಟಕಗಳನ್ನು ಪ್ರತ್ಯೇಕ ಕಡತಗಳಾಗಿರಿಸಿ, ಬೇಕಾದಾಗ ಮಾತ್ರ ಸ್ಮೃತಿಗೆ ಕರೆತರಬಹುದು. ಖಾತೆದಾರನು ಕೇಳಿದಾಗಲಷ್ಟೇ ನಾವು ಹಳೆಯ ಲೆಡ್ಜರನ್ನು ಉಗ್ರಾಣದಿಂದ ತರಿಸುವಂತೆ. ಆದರೆ ಘಟಕವೊಂದರಿಂದಲೇ ಕೆಲಸ ಮುಗಿಯದು. ಅಕ್ಷರಕೂಟವು ಎಷ್ಟು ಮನೆ ಹಿಡಿಯುತ್ತದೆಂಬುದರಲ್ಲಿ ಟರ್ಮಿನಲ್ಲಿಗೂ ಅದರೊಳಗೆ ನಡೆಯುವ ಸಂಪಾದಕ ತಂತ್ರಾಂಶಕ್ಕೂ ಒಮ್ಮತವಿಲ್ಲದಿದ್ದರೆ, ಅಕ್ಷರವು ಸರಿಯಾಗಿ ಮೂಡಿದರೂ ಕರ್ಸರು ದಾರಿ ತಪ್ಪುತ್ತದೆ.