ಗಾಡಿಯ ಒಲೆ, ಮನೆಯ ಒಲೆ

ಇದ್ದಿಲು ಬಸ್ಸನ್ನು ಕಣ್ಣಾರೆ ಕಂಡ ಹಿರಿಯರು ಈಗ ಕೆಲವರೇ ಉಳಿದಿದ್ದಾರೆ. ಬಸ್ಸಿನ ಬೆನ್ನಿಗೆ ಅಂಟಿಕೊಂಡಂತೆ ಆಳೆತ್ತರದ ಒಂದು ಕಬ್ಬಿಣದ ಒಲೆ. ಕ್ಲೀನರನು ಮೂಟೆಯಿಂದ ಇದ್ದಿಲು ಸುರಿದು, ಬೆಂಕಿ ಹೊತ್ತಿಸಿ, ಬೀಸಣಿಗೆಯ ಹಿಡಿಯನ್ನು ತಿರುಗಿಸುತ್ತ ನಿಲ್ಲುವನು. ಅನಿಲ ಹದಕ್ಕೆ ಬರುವವರೆಗೆ ಗಾಡಿ ಹೊರಡದು. ಹೊರಟ ಮೇಲೂ ಏರು ಕಂಡರೆ ಅದಕ್ಕೆ ಏದುಸಿರು. ಪ್ರಯಾಣಿಕರು ಇಳಿದು ನಡೆಯುವುದೂ, ಒಮ್ಮೊಮ್ಮೆ ಹೆಗಲು ಕೊಟ್ಟು ತಳ್ಳುವುದೂ ಉಂಟು. ಟಿಕೇಟಿನ ಹಣ ತೆತ್ತವನೇ ಗಾಡಿಯನ್ನೂ ನೂಕಬೇಕಾದ ಆ ಚಿತ್ರ ನಗೆಯನ್ನು ತರಬಹುದು. ಆದರೆ ಇಂಧನದ ಅರ್ಥಶಾಸ್ತ್ರದ ಮೊದಲ ಪಾಠ ಅದರಲ್ಲಿಯೇ ಇದೆ.

ಈ ಯಂತ್ರ ನಮ್ಮ ನಾಡಿಗೆ ಬಂದದ್ದು ಸಂತೋಷದಿಂದಲ್ಲ, ಸಂಕಟದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಭಾರತದಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. 1942ರಲ್ಲಿ ಬರ್ಮಾ ಕೈತಪ್ಪಿದಾಗ ಅಲ್ಲಿನ ಎಣ್ಣೆಬಾವಿಗಳೂ ಹೋದವು. ಯೂರೋಪಿನಲ್ಲಿ ಜಾರ್ಜ್ ಇಂಬರ್ಟ್ 1920ರ ದಶಕದಲ್ಲಿಯೇ ಸೌದೆಯ ಅನಿಲದಿಂದ ಮೋಟಾರು ಓಡಿಸುವ ಒಲೆಯನ್ನು ರೂಪಿಸಿದ್ದನು. ಯುದ್ಧಕಾಲದಲ್ಲಿ ಅಲ್ಲಿ ಲಕ್ಷಗಟ್ಟಲೆ ವಾಹನಗಳು ಇಂತಹ ಒಲೆಗಳನ್ನು ಹೊತ್ತು ತಿರುಗಿದವು.

ತತ್ತ್ವ ಸರಳವಾದುದು. ಸಾಲದಷ್ಟು ಗಾಳಿಯಲ್ಲಿ ಇದ್ದಿಲು ಉರಿದರೆ ಇಂಗಾಲದ ಮಾನಾಕ್ಸೈಡು ಹುಟ್ಟುತ್ತದೆ. ಅದನ್ನು ಸೋಸಿ, ತಣಿಸಿ, ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸಬೇಕು. ಆದರೆ ಆ ಅನಿಲದಲ್ಲಿ ಸುಮಾರು ಅರ್ಧಪಾಲು ಉರಿಯದ ನೈಟ್ರೋಜನ್ನೇ ಆದುದರಿಂದ ಎಂಜಿನ್ನಿನ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತಿತ್ತು. ಅನಿಲವೋ ವಿಷ, ಸೋರಿದರೆ ಜೀವಕ್ಕೇ ಅಪಾಯ. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸುಮಾರು ಒಂದೂವರೆ ಕಿಲೋ ಇದ್ದಿಲು ಬೇಕು; ಹಳ್ಳಿಯ ಮಣ್ಣುಗೂಡಿನಲ್ಲಿ ಅಷ್ಟು ಇದ್ದಿಲು ಸುಡಲು ಆರು ಕಿಲೋ ಮೀರಿ ಸೌದೆ ಬೇಕು. ಆ ಇದ್ದಿಲೇ ಪಟ್ಟಣದ ಅಡುಗೆಮನೆಯ ಅಗ್ಗಿಷ್ಟಿಕೆಯನ್ನೂ ಉರಿಸುತ್ತಿತ್ತು. ಹೀಗೆ ಒಂದೇ ಮೂಟೆಗೆ ಇಬ್ಬರು ಗಿರಾಕಿಗಳಾದರು: ಒಬ್ಬನು ಬಸ್ಸಿನ ಸಾಹುಕಾರ, ಇನ್ನೊಬ್ಬಳು ಗೃಹಿಣಿ. ಇವರಿಬ್ಬರಲ್ಲಿ ಬೆಲೆ ಏರಿಸಿ ಕೊಳ್ಳಬಲ್ಲವರು ಯಾರೆಂದು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧ ಮುಗಿಯಿತು, ಪೆಟ್ರೋಲು ಬಂದಿತು, ಒಲೆಗಳು ಗುಜರಿಗೆ ಸೇರಿದವು. ಆದರೆ ಪಾಠ ಮುಗಿಯಲಿಲ್ಲ. ಮುಂದೆ ಆಟೋರಿಕ್ಷಾಗಳಿಗೆ ಅಡುಗೆ ಅನಿಲದ ರುಚಿ ಹತ್ತಿತು. 2000ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ತಿದ್ದುಪಡಿಯಾಗಿ ಇಂತಹ ಮಾರ್ಪಾಡಿಗೆ ಸಮ್ಮತಿ ದೊರೆಯಿತು; ವಾಹನಗಳಿಗೆಂದೇ ಬೇರೆ ಅನಿಲದ ಬಂಕುಗಳು ಬಂದವು. ಬೆಂಗಳೂರಿನ ರಸ್ತೆಯ ಹೊಗೆ ಇದರಿಂದ ಕೊಂಚ ತಿಳಿಯಾದದ್ದು ಸುಳ್ಳಲ್ಲ. ಆದರೆ ಮನೆಬಳಕೆಯ ಸಿಲಿಂಡರಿಗೆ ಸರ್ಕಾರದ ಸಹಾಯಧನವಿದ್ದು ಅದು ಅಗ್ಗವಾಗಿದ್ದಾಗ, ಅದರ ಅನಿಲ ಕದ್ದುಮುಚ್ಚಿ ಗಾಡಿಯ ಹೊಟ್ಟೆಯನ್ನು ಸೇರುತ್ತಿತ್ತು. ಅನ್ನ ಬೇಯಿಸಬೇಕಾದ ಉರಿ ಮತ್ತೆ ರಸ್ತೆಗೆ ಹರಿಯಿತು. ಚಾಲಕನನ್ನು ಮಾತ್ರ ಹಳಿದರೆ ನ್ಯಾಯವಾಗದು. ಅವನ ಮೀಟರಿನ ದರವನ್ನು ಗೊತ್ತುಮಾಡುವುದು ಸರ್ಕಾರ, ಅನಿಲದ ಬೆಲೆಯನ್ನು ಗೊತ್ತುಮಾಡುವುದು ಪೇಟೆ. ಇವೆರಡರ ನಡುವೆ ಉಳಿದ ಚಿಲ್ಲರೆಯೇ ಅವನ ಮನೆಯ ಸಂಜೆಯ ಅಕ್ಕಿ.

ಈಗಿನ ಸರದಿ ಎಥನಾಲಿನದು. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸುವ ಗುರಿಯನ್ನು ನಮ್ಮ ದೇಶ 2025ರಲ್ಲಿ ಮುಟ್ಟಿತು. ಎಣ್ಣೆಯ ಆಮದಿಗೆಂದು ಹೊರನಾಡಿಗೆ ಹರಿಯುವ ಹಣ ಉಳಿಯಬೇಕು, ರೈತನ ಬೆಳೆಗೆ ಇನ್ನೊಂದು ಪೇಟೆ ತೆರೆಯಬೇಕು ಎಂಬ ಉದ್ದೇಶವನ್ನು ಯಾರೂ ತೆಗಳಲಾರರು. ಆದರೆ ಲೆಕ್ಕವನ್ನು ಪೂರ್ತಿ ಬರೆಯಬೇಡವೆ? ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು. ಬರಿಯ ಶಾಖದ ಲೆಕ್ಕದಲ್ಲಿ ಮಿಶ್ರಣದ ಪ್ರತಿ ಲೀಟರಿನಲ್ಲಿ ನೂರಕ್ಕೆ ಆರೇಳು ಪಾಲು ಶಕ್ತಿ ಕಡಮೆ. ಹಳೆಯ ಗಾಡಿಗಳಲ್ಲಿ ರಬ್ಬರಿನ ಕೆಲವು ಕೊಳವೆ, ಬಿರಡೆಗಳನ್ನು ಬದಲಾಯಿಸಬೇಕಾದೀತು. ಆ ಖರ್ಚು ಹಳೆಯ ಸ್ಕೂಟರನ್ನೇ ನೆಚ್ಚಿಕೊಂಡ ಗುಮಾಸ್ತನದು, ಉಪಾಧ್ಯಾಯನದು.

ಇನ್ನೊಂದು ಖರ್ಚು ಕಣ್ಣಿಗೆ ಬೀಳದಂಥದು. ಎಥನಾಲಿಗೆ ಕಬ್ಬಷ್ಟೇ ಸಾಲದೆ ಮುಸುಕಿನ ಜೋಳವೂ ಹೋಗತೊಡಗಿತು. ಹೊರದೇಶಗಳಿಗೆ ಜೋಳ ಮಾರುತ್ತಿದ್ದ ಭಾರತ 2024ರಲ್ಲಿ, ಮಾರಿದ್ದಕ್ಕಿಂತ ಹೆಚ್ಚು ಜೋಳವನ್ನು ತಾನೇ ತರಿಸಿಕೊಳ್ಳಬೇಕಾಯಿತು. ಜೋಳ ಕೋಳಿಯ ಮೇವು. ಮೇವು ತುಟ್ಟಿಯಾದರೆ ಬಡವನ ಮಗುವಿನ ಕೈಯ ಮೊಟ್ಟೆಯೂ ತುಟ್ಟಿ. ರೈತನಿಗಾದರೂ ಇದು ಸ್ಥಿರ ಭಾಗ್ಯವೆ? 2025ರ ಕೊನೆಯಲ್ಲಿ ಜೋಳದ ಧಾರಣೆ ಕುಸಿದಾಗ ನಮ್ಮ ಬೆಳೆಗಾರರೇ ಬೀದಿಗಿಳಿದರು.

ಹಾಗೆಂದು ಹೊಸ ಇಂಧನವೇ ಬೇಡವೆನ್ನುವುದು ವಿವೇಕವಲ್ಲ. ತುಮಕೂರು ಜಿಲ್ಲೆಯ ಹೊಸಹಳ್ಳಿ ಎಂಬ ಪುಟ್ಟ ಊರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ, 1988ರಲ್ಲಿ ಸೌದೆಯ ಅನಿಲದಿಂದ ವಿದ್ಯುತ್ತು ಹುಟ್ಟಿತು. ಯುದ್ಧಕಾಲದ ಆ ಹಳೆಯ ಒಲೆಯದೇ ತಿದ್ದಿದ ರೂಪ ಅದು. ಅದಕ್ಕೆ ಬೇಕಾದ ಮರವನ್ನು ಊರ ಬಳಿಯೇ ನೆಟ್ಟು ಬೆಳೆಸಿದರು. ಮನೆಗಳಿಗೆ ದೀಪ, ಕೊಳಾಯಿಗೆ ನೀರು, ಗಿರಣಿಗೆ ಬಲ ಆ ಮರಗಳಿಂದ ಬಂದವು. ಅಲ್ಲಿ ಉರಿಸುವ ಮೊದಲು ಬೆಳೆಸುವ ಯೋಚನೆಯಿತ್ತು. ಒಬ್ಬರ ಒಲೆಯಿಂದ ಕೆಂಡ ಕಿತ್ತು ಇನ್ನೊಬ್ಬರ ಒಲೆಗೆ ಹಾಕುವ ಅವಸರವಿರಲಿಲ್ಲ.

ಮೋಟಾರಿಗೆ ಏನನ್ನು ಉಣಿಸಬೇಕೆಂಬುದನ್ನು ಎಂಜಿನಿಯರರು ಹೇಳಬಲ್ಲರು. ಅದರ ಊಟಕ್ಕಾಗಿ ಯಾರ ಎಲೆಯಲ್ಲಿ ತುತ್ತು ಕಡಮೆಯಾಗುತ್ತದೆ ಎಂಬುದನ್ನು ಕೇಳಬೇಕಾದವರು ನಾವು. ಏರಿನಲ್ಲಿ ಇಳಿದು ಬಸ್ಸನ್ನು ತಳ್ಳಿದವರ ಮಕ್ಕಳೂ ಮೊಮ್ಮಕ್ಕಳೂ ಅಷ್ಟನ್ನು ಕೇಳಲು ಹಕ್ಕುಳ್ಳವರೇ ಸರಿ.