ಮನೆಯ ಅಂಗಳಕ್ಕೂ ಒಂದು ನಕ್ಷೆ

ಮನೆ ಕಟ್ಟಿಸುವವರು ಗೋಡೆ, ಬಾಗಿಲು, ಮಾಳಿಗೆಗಳಿಗಾಗಿ ತಿಳಿದವರಿಂದ ನಕ್ಷೆ ಬರೆಯಿಸುವರು. ಸುತ್ತಲಿನ ನೆಲವನ್ನಾದರೋ ಕೆಲಸ ತೀರಿದ ಮೇಲೆ ಉಳಿದ ಹಣದಿಂದ ಹೇಗಾದರೂ ಸರಿಪಡಿಸಿದರಾಯಿತೆಂದು ಬಿಟ್ಟುಬಿಡುವರು. ಗೋಪುರ ಕಟ್ಟಲೆಣಿಸುವವನು ಮೊದಲು ಕುಳಿತು ಲೆಕ್ಕ ಮಾಡಬೇಕೆಂಬ ಸುವಾರ್ತೆಯ ಬುದ್ಧಿವಾದವು ಅಂಗಳಕ್ಕೂ ಸಲ್ಲತಕ್ಕದ್ದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಸ್ವಂತ ಮನೆ ಕಟ್ಟಿಸುತ್ತಿರುವದರಿಂದ ಈ ವಿಷಯವಾಗಿ ಕೆಲವು ಮಾತುಗಳನ್ನು ಬರೆಯುವದು ಯುಕ್ತವಾಗಿದೆ.

ಉದ್ಯಾನರಚನೆಯೆಂದರೆ ಹೂಗಿಡ ನೆಡುವದು ಮಾತ್ರವಲ್ಲ. ಇದರಲ್ಲಿ ಶಿಕ್ಷಣ ಹೊಂದಿದವರು ಮೊದಲು ವಿಚಾರಿಸುವದು ನೀರಿನ ದಾರಿಯನ್ನು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ಮೇಲೆ ಒಂದು ಅಂಗುಲ ಮಳೆ ಸುರಿದರೆ 100 ಘನ ಅಡಿ, ಅಂದರೆ ಸುಮಾರು 2,800 ಲೀಟರು ನೀರು ಬೀಳುವದು. ಅಂಗಳಕ್ಕೆಲ್ಲ ಸಿಮೆಂಟು ಬಳಿದಲ್ಲಿ ಈ ನೀರು ಭೂಮಿಗಿಳಿಯದೆ ಬೀದಿಗೆ ಹರಿಯುವದು, ಇಲ್ಲವೆ ತಗ್ಗಾದ ಹೊಸ್ತಿಲನ್ನು ದಾಟಿ ಒಳಗೆ ಬರುವದು. ಬೇಸಿಗೆಯಲ್ಲಿ ಅದೇ ಮನೆಯವರು ಹಣ ಕೊಟ್ಟು ನೀರು ತರಿಸಬೇಕಾದೀತು. ನೆಲವನ್ನು ತಳಪಾಯದಿಂದ ಹೊರಕ್ಕೆ ಇಳಿಜಾರು ಮಾಡಿ, ಜಲ್ಲಿ ತುಂಬಿದ ಇಂಗುಗುಂಡಿಗೆ ನೀರನ್ನು ತಿರುಗಿಸುವ ಕೆಲಸವು ಕಟ್ಟಡದ ಸಂಗಡಲೇ ಆಗಬೇಕು. ಆಮೇಲೆ ಹಾಸುಗಲ್ಲು ಕಿತ್ತು ಮಾಡುವದು ವ್ಯರ್ಥವಾದ ದಂಡ.

ಎರಡನೆಯದು ಮರದ ಸ್ಥಳ. ಅಂಗೈಯಗಲದ ಸಸಿಯನ್ನು ನೆಡುವಾಗ ಅದು ಬೆಳೆದ ಮೇಲಿನ ಗಾತ್ರವು ನಮ್ಮ ಕಣ್ಣಿಗೆ ತೋರುವದಿಲ್ಲ. ಆಲ, ಅರಳಿ ಮುಂತಾದವುಗಳ ಬೇರು ಗೋಡೆಯ ಬಿರುಕನ್ನೂ ಚರಂಡಿಯನ್ನೂ ಹೊಗುವದು. ನುಗ್ಗೆಯ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುವದು. ತಕ್ಕ ಮರವು ಪಡುವಣ ಕಡೆ ತಕ್ಕ ದೂರದಲ್ಲಿದ್ದರೆ ಮಧ್ಯಾಹ್ನದ ಬಿಸಿಲನ್ನು ತಡೆದು ಮನೆಯನ್ನು ತಂಪಾಗಿಡುವದು.

ಕಾಲವನ್ನೂ ಎಣಿಸಿ ನೆಡುವದಕ್ಕೆ ಬೆಂಗಳೂರೇ ದೃಷ್ಟಾಂತ. ಜರ್ಮನಿಯಲ್ಲಿ 1865ರಲ್ಲಿ ಹುಟ್ಟಿದ ಕೃಂಬಿಗಲ್ ಎಂಬವರು ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, 1932ರ ವರೆಗೆ ಲಾಲ್‌ಬಾಗನ್ನು ನೋಡಿಕೊಂಡರು. ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸುವದು ಅವರ ಕ್ರಮವಾಗಿತ್ತು. ಚಿಕ್ಕ ಅಂಗಳದಲ್ಲಿಯೂ ಇದು ಸಾಧ್ಯ.

ಎಲ್ಲವನ್ನೂ ಒಮ್ಮೆಗೇ ಮಾಡಿಸಬೇಕೆಂದಿಲ್ಲ. ಅಳತೆಯ ನಕ್ಷೆಯನ್ನೂ, ಪ್ರತಿ ಗಿಡವು ಬೆಳೆಯುವ ಎತ್ತರ, ಬೇಡುವ ನೀರು ಇವುಗಳ ಪಟ್ಟಿಯನ್ನೂ ಮೊದಲು ಬರೆಯಿಸಿ, ಕೈಲಾದ ಹಾಗೆ ವರುಷ ವರುಷ ನೆಡಬಹುದು.

ಪೋಷಕರಿಗೆ ಮತ್ತೊಂದು ಮಾತು. ಮಗಳು ಈ ವಿದ್ಯೆಯನ್ನು ಕಲಿಯುವೆನೆಂದರೆ, ಅದು ಮಾಲಿಯ ಕೆಲಸವೆಂದು ತಳ್ಳಿಬಿಡಬೇಡಿರಿ. ಚಿತ್ರಕಲೆ ಕಲಿತ ಇಂಗ್ಲೆಂಡಿನ ಗರ್ಟ್ರೂಡ್ ಜೀಕಿಲ್ (1843–1932) ದೃಷ್ಟಿ ಮಂದವಾದರೂ ಸುಮಾರು 400 ತೋಟಗಳನ್ನು ರಚಿಸಿದರು. ಅಮೆರಿಕದಲ್ಲಿ 1899ರಲ್ಲಿ ಈ ವೃತ್ತಿಯವರ ಸಂಘವನ್ನು ಸ್ಥಾಪಿಸಿದ 11 ಮಂದಿಯಲ್ಲಿ ಬಿಯಾಟ್ರಿಕ್ಸ್ ಫೆರಾಂಡ್ ಒಬ್ಬರೇ ಸ್ತ್ರೀ. ನಮ್ಮ ದೇಶದಲ್ಲಿ ವಾಸ್ತುಶಿಲ್ಪದ ಪದವಿಯ ಮೇಲೆ ಇದನ್ನು ದೆಹಲಿ, ಅಹಮದಾಬಾದುಗಳಲ್ಲಿ ಕಲಿಯಬಹುದು. ಗಿಡಮರಗಳ ಶಾಸ್ತ್ರಕ್ಕೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾನಿಲಯವಿದೆ. ದೇವರು ಮನುಷ್ಯನಿಗೆ ಮೊಟ್ಟಮೊದಲು ಒಪ್ಪಿಸಿದ್ದು ತೋಟವನ್ನು ಕಾಯುವ ಕೆಲಸವನ್ನೇ. ಅದನ್ನು ಹೀನವೆಂದು ಎಣಿಸುವದು ನಮಗೆ ಸಲ್ಲದು.